ಲಾಭ, ಒಂದು, ಎರಡು

ಮಾಯಪ್ಪ ಮಾಸ್ತರರ ಲೆಕ್ಕ ತಪ್ಪುವುದಿಲ್ಲ ಎಂಬ ಮಾತನ್ನು ಗೋಕಾಕ ತಾಲೂಕಿನಲ್ಲಿ ಮೊದಲು ಹಬ್ಬಿಸಿದವನು ಆ ಮಾಯಪ್ಪ, ಅಂದರೆ ನಾನೇ. ಜನ ನಂಬಿದ್ದು ಆಮೇಲೆ. ಬಿಸಿಯೂಟದ ಅಕ್ಕಿಯಿಂದ ಹಿಡಿದು ಜನಗಣತಿಯವರೆಗೆ ಯಾರ ಎಣಿಕೆ ತಪ್ಪಿದರೂ ನಾಲ್ಕು ಜನರ ಮುಂದೆ ಎತ್ತಿ ಆಡುತ್ತಿದ್ದೆ. ಅಂಥ ಬಾಯಿ ನನ್ನದು. ಈಗ ಆ ಬಾಯಿಯ ಕತೆಯನ್ನೇ ಹೇಳಬೇಕಾಗಿದೆ, ನಾಚಿಕೆ ಬಿಟ್ಟು. ನಾಚಿಕೆ ಬಿಟ್ಟು ಅಂತ ಬರೆದೆನೇ ಹೊರತು, ಅದು ನನ್ನನ್ನು ಎಲ್ಲಿ ಬಿಟ್ಟಿದೆ!

ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆ ಮೂಡಲಗಿಯ ಒಂದು ಕಾಲೇಜಿನಲ್ಲಿತ್ತು. ಏಳನೇ ಟೇಬಲ್ಲಿಗೆ ನಾನು ಮೇಲ್ವಿಚಾರಕ. ನನ್ನ ಕೈಕೆಳಗೆ ಅರ್ಚನಾ ಅಂತ ಒಬ್ಬ ಶಿಕ್ಷಕಿ, ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ಬೆಳಗಿನಿಂದ ಐದು ವಾರ್ಡು ಮುಗಿಸಿ, ಸಂಜೆ ಐದಕ್ಕೆ ಕೊನೆಯದನ್ನು ಕೈಗೆತ್ತಿಕೊಂಡೆವು. ಮಸಗುಪ್ಪಿ ದಾಟಿ ಹೋದರೆ ಸಿಗುವ ಒಂದು ಊರು ಅದು. ಹೆಸರು ಹೇಳುವುದಿಲ್ಲ. ಊರು ತಪ್ಪು ಮಾಡಿಲ್ಲ, ನಾನು ಮಾಡಿದ್ದೇನೆ.

ಒಂದೇ ಸ್ಥಾನ, ಸಾಮಾನ್ಯ ವರ್ಗದ್ದು. ನಿಂತವರು ಇಬ್ಬರೇ. ಒಬ್ಬ ಅಣ್ಣಾಸಾಹೇಬ, ಮೂವತ್ತು ಎಕರೆ ಕಬ್ಬಿನ ಸಾಹುಕಾರ, ಅವನ ಅಪ್ಪನ ಕಾಲದಿಂದಲೂ ಆ ಸ್ಥಾನ ಅವರ ಮನೆಯದೇ. ಇನ್ನೊಬ್ಬಳು ದೀಪಾ. ಊರಿನ ಕೆಳಗಿನ ಓಣಿಯವಳು, ಬೌದ್ಧರಾದ ದಲಿತರ ಮನೆಯ ಹುಡುಗಿ, ಜಂಪರ್ ಹೊಲಿದು ಜೀವನ ಮಾಡುವವಳು. ಅವಳ ಚಿಹ್ನೆಯೂ ಹೊಲಿಗೆ ಯಂತ್ರ. ಬೇರೆ ವಾರ್ಡಿನಲ್ಲಿ ಮೀಸಲು ಸ್ಥಾನ ಇರುವಾಗ ಸಾಮಾನ್ಯ ಸ್ಥಾನಕ್ಕೆ ಯಾಕೆ ಕೈಹಾಕಿದಳು ಅಂತ ಊರೆಲ್ಲ ಮಾತಾಡಿತ್ತು. ಅವಳಿಗೆ ಬೇಕಾದದ್ದು ಒಂದೇ ಒಂದು, ಹಳ್ಳಕ್ಕೆ ಸಣ್ಣ ಸೇತುವೆ. ಅವರ ಸುಡುಗಾಡು ಹಳ್ಳದ ಆಚೆ ಇದೆ. ಮಳೆಗಾಲದಲ್ಲಿ ಹೆಣ ಒಯ್ಯಬೇಕಾದರೆ ಅಣ್ಣಾಸಾಹೇಬನ ಕಬ್ಬಿನ ಬದುವಿನ ಮೇಲೆ ಹೋಗಬೇಕು, ಅವನು ಹೂಂ ಅನ್ನಬೇಕು. ಅವಳ ಮಾವ ತೀರಿಕೊಂಡ ದಿನ ಅವನು ಊರಲ್ಲಿರಲಿಲ್ಲ. ಹೂಂ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತಂತೆ. ಇದೆಲ್ಲ ನನಗೆ ಗೊತ್ತಿತ್ತು, ಯಾಕೆಂದರೆ ಇಪ್ಪತ್ತು ವರ್ಷದ ಹಿಂದೆ ಆ ಊರ ಸಾಲೆಯಲ್ಲಿ ನಾನು ಏಳು ವರ್ಷ ಮಾಸ್ತರನಾಗಿದ್ದೆ. ದೀಪಾ ನನ್ನ ವಿದ್ಯಾರ್ಥಿನಿ.

ಎಣಿಕೆಗೆ ಒಂದು ಕ್ರಮ ಇದೆ. ಮೊದಲು ಪೆಟ್ಟಿಗೆಯ ಸೀಲನ್ನು ಏಜೆಂಟರಿಗೆ ತೋರಿಸಿ ಒಡೆಯಬೇಕು. ಒಳಗಿನ ಚೀಟಿಗಳನ್ನೆಲ್ಲ ಎಣಿಸಿ, ಮತಗಟ್ಟೆಯ ಅಧಿಕಾರಿ ಬರೆದ ಸಂಖ್ಯೆಗೆ ತಾಳೆ ನೋಡಬೇಕು. ಆರುನೂರಾ ಇಪ್ಪತ್ತಮೂರು, ಸರಿಯಾಗಿ ತಾಳೆಯಾಯಿತು. ಆಮೇಲೆ ಅಭ್ಯರ್ಥಿವಾರು ಬೇರ್ಪಡಿಸಿ ಐವತ್ತೈವತ್ತರ ಕಟ್ಟು ಕಟ್ಟಬೇಕು. ಸಂಶಯದ ಚೀಟಿಗಳನ್ನು ಚುನಾವಣಾಧಿಕಾರಿ ನೋಡಿ 'ತಿರಸ್ಕೃತ' ಎಂದು ಬರೆದು ಸಹಿ ಹಾಕುತ್ತಾರೆ. ಅಣ್ಣಾಸಾಹೇಬನ ಕಟ್ಟು ಅರ್ಚನಾ ಕಟ್ಟಿದಳು, ದೀಪಾಳದ್ದು ನಾನು.

ಚಳಿಗಾಲದ ಸಂಜೆ. ಕಿಟಕಿಯ ಬೆಳಕು ಮಂಕಾಗಿತ್ತು, ಬೆನ್ನು ಬಿಗಿದುಕೊಂಡಿತ್ತು. ಏಜೆಂಟರ ಕಡೆಗೆ ಕಟ್ಟಿದ ಜಾಳಿಗೆಯ ಆಚೆ ದೀಪಾ ಎರಡೂ ಕೈಯಿಂದ ತಂತಿ ಹಿಡಿದು ನಿಂತಿದ್ದಳು. ಆರನೆಯ ಕಟ್ಟು ಎಣಿಸಿದೆ, ರಬ್ಬರ್ ಹಾಕಿದೆ. ಮೇಲೆ ಬಿಡಿ ಎಂಟು ಉಳಿದವು. ಮುನ್ನೂರಾ ಎಂಟು ಅಂತ ಬರೆದೆ. ಅರ್ಚನಾ ಮುನ್ನೂರಾ ಒಂಬತ್ತು ಅಂತ ಬರೆದಳು. ತಿರಸ್ಕೃತ ಐದು.

ಕೂಡಿಸಿದೆ. ಆರುನೂರಾ ಇಪ್ಪತ್ತೆರಡು.

ಮತ್ತೊಮ್ಮೆ ಕೂಡಿಸಿದೆ. ಅಷ್ಟೇ.

"ಸರ್, ಒಂದ ಕಮ್ಮಿ ಬರಾಕತ್ತೈತ್ರಿ," ಅಂದಳು ಅರ್ಚನಾ, ಮೆಲ್ಲಗೆ. "ಎಲ್ಲಾ ಕಟ್ಟ ಇನ್ನೊಮ್ಮೆ ಎಣಿಸಿ ಬಿಡೂಣೇನ್ರಿ?"

ಒಂದು ಮತದ ಅಂತರ, ಒಂದು ಚೀಟಿ ಕಾಣೆ. ಇದನ್ನು ಬಾಯಿಬಿಟ್ಟು ಹೇಳಿದರೆ ಇಡೀ ಸಭಾಂಗಣ ಏಳುತ್ತದೆ, ಏಜೆಂಟರು ಜಾಳಿಗೆಯ ಮೇಲೆ ಬೀಳುತ್ತಾರೆ, ಪೊಲೀಸರು ಬರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮಾಯಪ್ಪ ಮಾಸ್ತರರ ಟೇಬಲ್ಲಿನಲ್ಲಿ ಲೆಕ್ಕ ತಪ್ಪಿತು ಅಂತ ಮಂದಿ ಅನ್ನುತ್ತಾರೆ. ಸುಳ್ಳು ಯಾಕೆ ಹೇಳಲಿ, ನಾನು ಹೆದರಿದ್ದು ಈ ಕೊನೆಯ ಮಾತಿಗೆ.

"ನನ್ನ ಕಟ್ಟೂ ಎಣಿಸಬೇಕೇನ್ರಿ ಮೇಡಂ?" ಎಂದು ಜೋರಾಗಿಯೇ ಅಂದೆ. "ಮೂವತ್ತ ವರ್ಷ ಆತು ಎಣಿಸಾಕತ್ತ. ನೀವ ತಿರಸ್ಕೃತ ಸರಿ ಎಣಿಸಿಲ್ಲ. ಆರ ಇರಬೇಕು, ಎರಡ ಒಂದಕ್ಕೊಂದ ಅಂಟಿರ್ತಾವ."

"ಐದ ಇದ್ದೂರಿ ಸರ್... ನಾ ಐದ..." ಅಂತ ಅವಳು ತೊದಲಿದಳು. ಆಮೇಲೆ ನನ್ನ ಮುಖ ನೋಡಿ, "ಆರ ಇದ್ದೂವೇನೋ," ಅಂದಳು.

ಅವಳು ಕೈ ಚಾಚುವಷ್ಟರಲ್ಲಿ ತಿರಸ್ಕೃತ ಚೀಟಿಗಳನ್ನು ಲಕೋಟೆಗೆ ತುರುಕಿ ಅಂಟು ಹಚ್ಚಿದೆ. ಲಕೋಟೆಯ ಮೇಲೆ, ಎಣಿಕೆಯ ತಃಖ್ತೆಯಲ್ಲಿ, ಎರಡೂ ಕಡೆ ಆರು ಅಂತ ಬರೆದೆ. ಆರುನೂರಾ ಇಪ್ಪತ್ತಮೂರು, ಬರೋಬ್ಬರಿ. ತಿರಸ್ಕೃತ ಮತ ಎಷ್ಟು ಅಂತ ಯಾವ ಏಜೆಂಟನೂ ಕೇಳುವುದಿಲ್ಲ, ಅವರ ಕಣ್ಣೆಲ್ಲ ಗೆದ್ದ ಸೋತ ಅಂಕಿಗಳ ಮೇಲೆ. ಚುನಾವಣಾಧಿಕಾರಿ ಆ ದಿನ ಸಾವಿರ ಸಹಿ ಮಾಡಿದ್ದರು, ಇದಕ್ಕೂ ಮಾಡಿದರು. ನಮ್ಮ ಸಾಲೆಯ ಗೋಡೆಯ ಮೇಲೆ 'ಸತ್ಯವನ್ನೇ ನುಡಿಯಿರಿ' ಎಂದು ಬಣ್ಣದಲ್ಲಿ ಬರೆಸಿದವನು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅಧಿಕಾರಿಗಳು ಮೈಕಿನಲ್ಲಿ ಅಂಕಿ ಓದಿದರು. "ಅಂತರ ಒಂದು ಮತ. ಮರು ಎಣಿಕೆ ಬೇಕಾದವರು ಈಗಲೇ ಬರೆದು ಕೊಡಬೇಕು." ದೀಪಾಳ ಏಜೆಂಟ್ ಅವಳ ಕಿವಿಯಲ್ಲಿ ಬಡಬಡಿಸುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. ಜಾಳಿಗೆಯಿಂದ ನೇರವಾಗಿ ನನ್ನನ್ನು ನೋಡುತ್ತಿದ್ದಳು.

"ಬ್ಯಾಡ್ರಿ ಸಾಹೇಬ್ರ," ಅಂದಳು. "ನಮ್ಮ ಗುರುಗಳ ಎಣಿಸ್ಯಾರ. ಏನರೆ ಹೇಳೂದಿದ್ರ ಅವ್ರ ಹೇಳ್ತಾರ."

ಅಧಿಕಾರಿಗಳು ಎರಡು ನಿಮಿಷ ಕಾದರು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಅಣ್ಣಾಸಾಹೇಬನ ಕೈಗೆ ಗೆಲುವಿನ ಪ್ರಮಾಣಪತ್ರ ಬಂತು, ಹೊರಗೆ ಗುಲಾಲು ಹಾರಿತು. ನಾವು ಕಟ್ಟುಗಳನ್ನು ಪೆಟ್ಟಿಗೆಗೆ ಹಾಕಿ, ಬಟ್ಟೆ ಸುತ್ತಿ, ಅರಗು ಕರಗಿಸಿ ಸೀಲು ಒತ್ತಿದೆವು. ಮೇಲ್ವಿಚಾರಕರ ಸಹಿ ಅನ್ನುವ ಜಾಗದಲ್ಲಿ ನನ್ನ ಹೆಸರು ದುಂಡಗೆ ಬರೆದೆ. ಇನ್ನು ಅದನ್ನು ಒಡೆಯಬೇಕಾದರೆ ಕೋರ್ಟಿನ ಹುಕುಂ ಬೇಕು.

ಆ ಮೇಲಿನ ದಿನಗಳಲ್ಲಿ ನನಗೆ ನಾನೇ ಬೇಕಾದಷ್ಟು ಸಮಾಧಾನ ಹೇಳಿಕೊಂಡೆ. ಮೊದಲ ಎಣಿಕೆಯೇ ತಪ್ಪಿರಬೇಕು ಅಂದೆ. ಮತಗಟ್ಟೆಯವರು ಒಂದು ಹೆಚ್ಚು ಬರೆದಿರಬೇಕು ಅಂದೆ. ಯಾರದೋ ತಪ್ಪು, ಒಟ್ಟಿನಲ್ಲಿ ನನ್ನದಲ್ಲ. ಹೀಗೆ ಹತ್ತೊಂಬತ್ತು ದಿನ ನಡೆಯಿತು.

ಆ ಭಾನುವಾರ ಹುಕ್ಕೇರಿ ಕಡೆ ನಮ್ಮೂರಿಗೆ ಹೋಗಿದ್ದೆ. ತಮ್ಮ ಮಾಳು ಇನ್ನೂ ಕುರಿ ಇಟ್ಟುಕೊಂಡಿದ್ದಾನೆ. ಸಂಜೆ ಹಟ್ಟಿಯ ಬಾಯಲ್ಲಿ ಕೋಲು ಅಡ್ಡ ಹಿಡಿದು ಕುರಿಗಳನ್ನು ಒಂದೊಂದಾಗಿ ಒಳಗೆ ಬಿಡುತ್ತಿದ್ದ. ನಾನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ.

"ಲಾಭ," ಅಂದ. ಒಂದು ಕುರಿ ಒಳಗೆ ಹೋಯಿತು. "ಒಂದ, ಎರಡ, ಮೂರ..."

ರಾಶಿ ಅಳೆಯುವವರು ಮೊದಲ ಸೇರಿಗೆ ಒಂದು ಅನ್ನುವ ಬದಲು ಲಾಭ ಅನ್ನುವುದು ಎಲ್ಲ ಕಡೆ ಇದೆ. ಅವರಿಗೆ ಲಾಭದ ನಂತರ ಎರಡು. ನಮ್ಮ ಮನೆತನದಲ್ಲಿ ಹಾಗಲ್ಲ. ಮೊದಲು ಒಳಗೆ ಹೋದ ಕುರಿ ಬೀರಪ್ಪ ದೇವರದು, ಅದನ್ನು ಲಾಭ ಅಂತ ಕರೆದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಶುರುವಾಗುವುದು ಎರಡನೆಯ ಕುರಿಯಿಂದ. ನಮ್ಮ ಹಟ್ಟಿಯಲ್ಲಿ ಐವತ್ತು ಅಂದರೆ ಐವತ್ತೊಂದು ಇರುತ್ತವೆ. ನಮ್ಮಜ್ಜ ನನಗೆ ಅಂಕಿ ಕಲಿಸಿದ್ದೇ ಹಾಗೆ, ಹಟ್ಟಿಯ ಬಾಯಲ್ಲಿ, ಹೊತ್ತು ಮುಳುಗುವಾಗ.

ಕೂತ ಕಲ್ಲಿನಿಂದ ಎದ್ದು ನಿಂತೆ. ಆರನೆಯ ಕಟ್ಟು. ಅದೇ ಹೊತ್ತು, ಅದೇ ಮಂಕು ಬೆಳಕು, ದಣಿದ ಮೈ. ಮೊದಲ ಚೀಟಿ ಎತ್ತಿದಾಗ ನನ್ನ ತುಟಿ ಏನಂದಿತ್ತು ಎಂಬುದು ಈಗ ಸ್ಪಷ್ಟವಾಗಿ ನೆನಪಾಯಿತು. ದೀಪಾಳ ಕಟ್ಟಿನಲ್ಲಿ ಐವತ್ತೊಂದು ಚೀಟಿ ಇದ್ದವು. ಇಬ್ಬರಿಗೂ ಮುನ್ನೂರಾ ಒಂಬತ್ತು. ಸಮ ಬಂದರೆ ಎಲ್ಲರೆದುರು ಚೀಟಿ ಎತ್ತಿ ತೀರ್ಮಾನ ಮಾಡಬೇಕು ಅಂತ ಕಾಯ್ದೆ ಇದೆ. ಆ ಚೀಟಿ ಎತ್ತುವ ಅವಕಾಶವನ್ನೇ ನಾನು ಕಸಿದುಕೊಂಡಿದ್ದೆ. ಥೂ ನನ್ನ ಜನ್ಮಕ್ಕಿಷ್ಟು!

"ಯಾಕೋ ಅಣ್ಣಾ, ಮಾರಿ ಹಿಂಗ್ಯಾಕ ಆಗೇತಿ?" ಅಂದ ಮಾಳು.

"ಏನಿಲ್ಲ. ನೀ ಎಣಸ," ಅಂದೆ.

ತಪ್ಪು ಗೊತ್ತಾದವನು ಮರುದಿನವೇ ಹೋಗಬೇಕಿತ್ತು. ನಾನು ಹೋಗಲಿಲ್ಲ. ಮನೆಗೆ ಬಂದು ಚುನಾವಣೆಯ ಕೈಪಿಡಿ ತೆಗೆದೆ. ಫಲಿತಾಂಶದ ಮೇಲೆ ತಕರಾರು ಇದ್ದರೆ ಮೂವತ್ತು ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕಬೇಕು, ಆಮೇಲೆ ಹಾಕಿದರೆ ತೆಗೆದುಕೊಳ್ಳುವುದಿಲ್ಲ. ಆ ಸಾಲನ್ನು ಓದಿ ಪುಸ್ತಕ ಮುಚ್ಚಿದೆ. ನಿವೃತ್ತಿಗೆ ನನಗೆ ಏಳು ತಿಂಗಳಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಒಂದೊಂದೇ ದಿನ ಎಣಿಸಿದೆ. ಇಪ್ಪತ್ತೈದು, ಇಪ್ಪತ್ತಾರು. ಹೇಳಿಕೊಳ್ಳಬೇಕು ಎಂಬ ಆಸೆಯೂ ಇತ್ತು, ಹೇಳಿದರೆ ನನಗೇನೂ ಆಗಬಾರದು ಎಂಬ ಆಸೆಯೂ ಇತ್ತು. ಮೂವತ್ತು ಮುಗಿಯಲಿ, ಮರುದಿನ ಹೋಗಿ ಕೈಮುಗಿದು ಹೇಳಿಬಿಡುತ್ತೇನೆ, ಮನಸ್ಸು ಹಗುರಾಗುತ್ತದೆ, ಪಿಂಚಣಿಯೂ ಉಳಿಯುತ್ತದೆ. ಇಂಥ ಲೆಕ್ಕದಲ್ಲಿ ನಾನು ಬಲು ಜಾಣ.

ಎಣಿಕೆ ಆದದ್ದು ಬುಧವಾರ. ಮೂವತ್ತೊಂದನೆಯ ದಿನ ಶುಕ್ರವಾರ ಬಂತು. ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಹೊರಟೆ. ಕಲ್ಲೋಳಿಯಲ್ಲಿ ಒಂದು ಕಿಲೋ ಬಾಳೆಹಣ್ಣು ಕೊಂಡೆ, ನೆಂಟರ ಮನೆಗೆ ಹೊರಟವನ ಹಾಗೆ.

ಏಳು ವರ್ಷ ಆ ಊರಲ್ಲಿ ಕಲಿಸಿದವನು ಕೆಳಗಿನ ಓಣಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮನೆ ಯಾವುದು ಅಂತ ಕೇಳುತ್ತ ಹೋಗಬೇಕಾಯಿತು. ದೀಪಾ ಬಾಗಿಲ ಬೆಳಕಿಗೆ ಯಂತ್ರ ಇಟ್ಟುಕೊಂಡು ಹೊಲಿಯುತ್ತಿದ್ದಳು. ಅತ್ತೆ ಉದ್ದವ್ವ ಕಟ್ಟೆಯ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದಳು.

"ಬರ್ರಿ ಗುರುಗಳ. ಬಿಸಲಾಗ ಯಾಕ ನಿಂತೀರಿ?" ಅಂದಳು ದೀಪಾ. ಉದ್ದವ್ವ ಚಹಾ ಇಡಲು ಒಳಗೆ ಹೋದಳು.

ನಾನು ಕೂತೆ. ಬಾಳೆಹಣ್ಣಿನ ಚೀಲ ಎಲ್ಲಿ ಇಡಬೇಕು ಅಂತ ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡೆ. "ದೀಪಾ, ನಿನ್ನ ಕಡೀ ಕಟ್ಟಿನ್ಯಾಗ ಐವತ್ತೊಂದ ಚೀಟಿ ಇದ್ದೂವವಾ. ನಾ ಐವತ್ತ ಅಂತ ಬರದ್ನಿ. ಕಮ್ಮಿ ಬಂದದ್ದಕ್ಕ ತಿರಸ್ಕೃತದಾಗ ಒಂದ ಸುಳ್ಳ ಸೇರಿಸಿದ್ನಿ."

ಅವಳು ಹಿಡಿದ ಹೊಲಿಗೆಯನ್ನು ಕೊನೆಯತನಕ ಹೊಲಿದು ದಾರ ಕತ್ತರಿಸಿದಳು.

"ಸುಳ್ಳ ಸೇರಿಸಿದ್ದ ಗೊತ್ತಿರ್ಲಿಲ್ಲ," ಅಂದಳು. "ಐವತ್ತೊಂದ ಇದ್ದದ್ದ ಗೊತ್ತಿತ್ರಿ."

"ಹೆಂಗ?"

"ಜಾಳಗಿ ಹಿಡಕೊಂಡ ನಿಮ್ಮ ತುಟೀನ ನೋಡಾಕತ್ತಿದ್ನೆಲ್ರಿ. ಲಾಭ ಅಂದ್ರಿ, ಆಮ್ಯಾಲ ಒಂದ ಅಂದ್ರಿ. ನಾಕನೇ ಕ್ಲಾಸಿನ್ಯಾಗ ನೀವ ಹೇಳಿದ್ದ ಅದು, ನಿಮ್ಮಜ್ಜ ಕುರಿ ಎಣಸೂ ಕತಿ. ನಾವೆಲ್ಲಾ ನಕ್ಕ ನಕ್ಕ ಸಾಕಾಗಿದ್ವಿ. ಮರೀತೈತೇನ್ರಿ ಅದು?"

"ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ? ಸಾಹೇಬ್ರ ಕೇಳಿದ್ರಲ್ಲವಾ?"

"ಏನಂತ ಹೇಳ್ಲಿ? ಮಾಸ್ತರ ತುಟಿ ನೋಡಿದ್ನಿ ಅಂತನೇನ್ರಿ?" ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಈ ಸೀಟಿಗೆ ನಿಂತಾಗನ ಊರಾಗ ಅಂದ್ರು, ಇವರದ ಯಾವಾಗ್ಲೂ ತಕರಾರ ಅಂತ. ನಾ ಕೇಳಿದ್ರ ಅದೂ ಒಂದ ತಕರಾರ ಆಗತಿತ್ತು. ನೀವ ಹೇಳಿದ್ರ ನ್ಯಾಯ ಆಗತಿತ್ತು. ಹೇಳ್ತೀರಿ ಅಂತ ನಿಂತ್ನಿ. ನೀವ ಪೆನ್ನಿನ ಮುಚ್ಚಳಾ ತಗದ್ರಿ, ಹಾಕಿದ್ರಿ."

ಉದ್ದವ್ವ ಚಹಾ ತಂದಿಟ್ಟಳು. ಮುಟ್ಟುವ ಧೈರ್ಯವಾಗಲಿಲ್ಲ. ಮುಟ್ಟದಿದ್ದರೆ ಅವರು ಏನು ತಿಳಿದಾರು ಎಂದು ಹೆದರಿ ಬಟ್ಟಲು ಕೈಗೆ ತೆಗೆದುಕೊಂಡೆ.

"ಚೀಟಿ ಎತ್ತಿದ್ರ ಸೋಲತಿದ್ನೋ ಏನೋ," ಅಂದಳು ದೀಪಾ. "ಸೋತಿದ್ರ ನಸೀಬಕ್ಕ ಬೈದ ಸುಮ್ನಿರತಿದ್ನಿ. ಈಗ ಯಾರಿಗೆ ಬೈಲಿ ಹೇಳ್ರಿ. ಅಷ್ಟ ದಿನಾ ಬಿಟ್ಟ ಇವತ್ತ್ಯಾಕ ಬಂದ್ರಿ?"

ಅವಳು ನನ್ನನ್ನೇ ನೋಡುತ್ತ ಕೂತಿದ್ದಳು, ಪಾಠ ಒಪ್ಪಿಸದ ಹುಡುಗನನ್ನು ನಾನು ನೋಡುತ್ತಿದ್ದ ಹಾಗೆ.

"ಮೂವತ್ತ ದಿನಾ ಮುಗದ್ವು ಅಂತ ಬಂದ್ರಿ. ಹೌದಿಲ್ರಿ?"

"ಹೌದವಾ," ಅಂದೆ. ಆ ಒಂದು ಮಾತು ನಿಜ ಹೇಳಿದೆ. "ಇವತ್ತ ಮೂವತ್ತೊಂದನೇ ದಿನಾ."

"ಲಾಭ ಹಿಡದ ಎಣಿಸೀರೋ, ಬಿಟ್ಟ ಎಣಿಸೀರೋ?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅವಳು ಎದ್ದು ಟ್ರಂಕಿನಿಂದ ಒಂದು ಫೈಲು ತೆಗೆದಳು.

"ವಕೀಲ ಶುಭಮ್ ಹೇಳ್ಯಾನ್ರಿ. ಫಲಿತಾಂಶ ಹೇಳಿದ ದಿನಾ ಲೆಕ್ಕಕ್ಕ ಹಿಡಿಯೂದಿಲ್ಲಂತ. ಮರದಿನದಿಂದ ಒಂದ. ಇವತ್ತ ಮೂವತ್ತು. ಕೋರ್ಟ ಐದೂವರಿತನಾ ತಗದಿರತೈತಿ. ಅರ್ಜಿ ಬರಸಿ ಇಟ್ಟ ಹದಿನೈದ ದಿನಾ ಆತು. ತುಟಿ ನೋಡಿದ್ದ ಸಾಕ್ಷಿ ಆಗೂದಿಲ್ಲ, ಎಣಿಸಿದವರ ಹೇಳಿಕಿ ಬೇಕು ಅಂದಾನ. ನಿಮ್ಮ ಮನಿಗೆ ಬಂದ ಕೇಳಬೇಕಂತ ಎರಡ ಸಲ ಬಸ್ ಹತ್ತಿದ್ನಿ. ಎರಡ ಸಲಾನೂ ಮೂಡಲಗ್ಯಾಗ ಇಳದ ತಿರುಗಿ ಬಂದ್ನಿ. ನನ್ನ ಗುರುಗಳಿಗೆ ಖರೆ ಹೇಳ್ರಿ ಅಂತ ನಾ ಹೋಗಿ ಹೇಳಬೇಕೇನ್ರಿ?"

ಮತ ಎಣಿಸುವಾಗ ಮೊದಲನೆಯದನ್ನು ಬಿಟ್ಟೆ, ದಿನ ಎಣಿಸುವಾಗ ಮೊದಲನೆಯದನ್ನು ಹಿಡಿದೆ. ಎರಡು ಸಲವೂ ತಪ್ಪಿದವನು ನಾನೇ. ಬಾಗಿಲ ಹೊರಗೆ ನೋಡಿದೆ. ಸ್ಕೂಟರು ಅಲ್ಲೇ ಇತ್ತು. ಎದ್ದು ಹೋದರೆ ತಡೆಯುವವರು ಯಾರೂ ಇರಲಿಲ್ಲ. ಕೈಗಡಿಯಾರದಲ್ಲಿ ಮೂರೂ ಮುಕ್ಕಾಲು. ಐದೂವರೆಗೆ ಇನ್ನು ಎಷ್ಟು ಹೊತ್ತು ತಳ್ಳಬೇಕು ಅಂತ ನನ್ನ ತಲೆ ಆಗಲೂ ಲೆಕ್ಕ ಹಾಕಿತು. ಇದನ್ನು ಮುಚ್ಚಿಡುವುದಿಲ್ಲ.

"ಹಿರ್ಯಾ ಮನಷ್ಯಾ, ಚಾ ಆದ್ರೂ ಕುಡೀಲಿ ಬಿಡವಾ," ಅಂದಳು ಉದ್ದವ್ವ.

"ಹೊತ್ತಿಲ್ಲ ಅತ್ತಿ," ಅಂದಳು ದೀಪಾ. ಆಗಲೇ ಚಪ್ಪಲಿ ಮೆಟ್ಟಿದ್ದಳು.

ಚಹಾವನ್ನು ಒಂದೇ ಗುಟುಕಿಗೆ ಸುರಿದುಕೊಂಡೆ, ನಾಲಗೆ ಸುಟ್ಟಿತು. ಮೂಡಲಗಿಯವರೆಗೆ ಅವಳು ಸ್ಕೂಟರಿನ ಹಿಂದೆ ಫೈಲು ಅಪ್ಪಿಕೊಂಡು ಕೂತಿದ್ದಳು.

ಕೋರ್ಟಿನ ಅಂಗಳದಲ್ಲಿ ವಕೀಲ ಶುಭಮ್ ನನ್ನ ಹೇಳಿಕೆ ಟೈಪು ಮಾಡಿಸುತ್ತ ನಿಂತ, ನಾನು ಹೇಳುತ್ತ ಹೋದೆ. ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಜನ ಕಕ್ಷಿದಾರರು ಕೇಳಿಸಿಕೊಳ್ಳುತ್ತಿದ್ದರು. "ಆರು ಅಂತ ಬರದದ್ದು ಗೊತ್ತಿದ್ದ ಬರದ್ರೋ, ಗೊತ್ತಿಲ್ಲದನೋ?" ಎಂದು ಕೇಳಿದ ಶುಭಮ್. "ಗೊತ್ತಿದ್ದು," ಅಂದೆ. "ತಪ್ಪ ಅರ್ಚನಾ ಮೇಡಂ ಮ್ಯಾಲ ಹಾಕಿದ್ದೂ ಬರೀರಿ." ಟೈಪು ಮಾಡುವವನು ತಲೆಯೆತ್ತಿ ನನ್ನ ಮುಖ ನೋಡಿ ಮತ್ತೆ ಬಡಿಯತೊಡಗಿದ. ನೋಟರಿ ಮೊಹರು ಒತ್ತುವಷ್ಟರಲ್ಲಿ ಐದು ದಾಟಿತ್ತು.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ದಿನಾಂಕ ನೋಡಿ ಹುಬ್ಬು ಗಂಟಿಕ್ಕಿದ. "ಅವಧಿ ಮೀರೈತೇನೋ ನೋಡ್ರಿ," ಅಂದ. ಆಮೇಲೆ ಕಿಟಕಿಯಲ್ಲಿ ನನ್ನ ಮುಖ ಕಂಡು ನಕ್ಕ. "ಅಯ್ಯ, ಲೆಕ್ಕದ ಮಾಯಪ್ಪ ಮಾಸ್ತರ ಇದ್ದಾರಲ್ಲ! ನಮ್ಮ ಮಗಾ ನಿಮ್ಮ ಸಾಲ್ಯಾಗ ಕಲತಾನ್ರಿ. ನೀವ ಎಣಿಸಿ ಹೇಳ್ರಿ, ಸಾಕು. ಬರಕೊಂಡ ಬಿಡ್ತೀನಿ."

"ನನ್ನ ಎಣಿಕಿ ಬ್ಯಾಡ್ರಿ," ಅಂದೆ. "ಆಕಿ ಎಣಿಸ್ಲಿ."

ದೀಪಾ ಮುಂದೆ ಬಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟಳು. ಬುಧವಾರದ ಚೌಕದ ಮೇಲೆ.

"ಲಾಭ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಒಂದ. ಎರಡ. ಮೂರ."

ಹಾಳೆ ತಿರುವಿ ಒಂದೊಂದೇ ಚೌಕ ಮುಟ್ಟುತ್ತ ಹೋದಳು. ನಾನು ಅವಳ ಹಿಂದೆ ಕೈಕಟ್ಟಿ ನಿಂತಿದ್ದೆ. ಮೂವತ್ತಕ್ಕೆ ಬೆರಳು ಶುಕ್ರವಾರದ ಮೇಲೆ ಬಂದು ನಿಂತಿತು. ಗುಮಾಸ್ತ ಅರ್ಜಿ ತೆಗೆದುಕೊಂಡು ಮೊಹರು ಹಾಕಿದ. ಆಮೇಲೆ ಅದಕ್ಕೆ ಲಗತ್ತಿಸಿದ್ದ ನನ್ನ ಹೇಳಿಕೆಯನ್ನು ಮೇಲಿನಿಂದ ಓದತೊಡಗಿದ. ಓದುತ್ತ ಓದುತ್ತ ಅವನ ಮುಖದ ನಗೆ ಹೋಯಿತು.